ಮಗುವಿಗೆ ಪಾರ್ಕಿಂಗ್ ಪರವಾನಗಿ ಕೇಳಿದವರಿಗೆ, ಕಾಸರಗೋಡಿನಿಂದ

ಇಂಗ್ಲೆಂಡಿನಿಂದ ಕೇರಳದ ನಮ್ಮ ಕಾಸರಗೋಡು ಕಡೆಗೆ ಬಂದು ನೆಲಸಿದರೆ, ಗಾಲಿಕುರ್ಚಿ ಬಳಸುವ ಮಗಳಿಗೆ ಪಾರ್ಕಿಂಗ್ ಪರವಾನಗಿ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಇಂಗ್ಲೆಂಡಿನಲ್ಲಿ ನಿಮ್ಮ ಮಗಳಿಗೆ ಸಿಕ್ಕಿದಂಥ ನೀಲಿ ಬ್ಯಾಡ್ಜ್, ಅವಳು ಯಾವ ಕಾರಿನಲ್ಲಿ ಕೂತರೂ ಆ ಕಾರಿಗೆ ಜಾಗ ಕೊಡಿಸುವಂಥದ್ದು, ಇಲ್ಲಿ ಸಿಗುವುದಿಲ್ಲ. ದೇಶಕ್ಕೆಲ್ಲ ಒಂದೇ ಆದ ಅಂಥ ವ್ಯವಸ್ಥೆ ಭಾರತದಲ್ಲಿ ಇಲ್ಲ. ಸ್ಟಿಕ್ಕರ್ ಅಂಗಡಿಯಲ್ಲಿ ಗಾಲಿಕುರ್ಚಿಯ ಚಿತ್ರ ಸಿಗುತ್ತದೆ, ಗಾಜಿಗೆ ಅಂಟಿಸಿಕೊಳ್ಳಿ, ನಾವೂ ಅಂಟಿಸಿದ್ದೇವೆ. ಆದರೆ ಅದಕ್ಕೆ ಕಾನೂನಿನ ಬಲ ಇಲ್ಲ. ನೀವು ಇಲ್ಲಿನ ಬದಿಯಡ್ಕದಲ್ಲಿ ಮನೆ ಮಾಡುವುದು ನಿಜವಾದರೆ ಮೊದಲು ಮಾಡಿಸಬೇಕಾದದ್ದು ಯುಡಿಐಡಿ ಕಾರ್ಡ್, ಅಂದರೆ ಕೇಂದ್ರ ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ. ಪಾರ್ಕಿಂಗ್ ಜಾಗದಲ್ಲಿ ಕಾವಲುಗಾರನಿಗೆ ತೋರಿಸುವುದೂ ಅದನ್ನೇ, ಉಳಿದೆಲ್ಲ ಕಡೆ ಕೇಳುವುದೂ ಅದನ್ನೇ.

ಜಾಗ ಬಿಡಬೇಕು ಎಂಬ ನಿಯಮ ಮಾತ್ರ ಉಂಟು. ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಪಾರ್ಕಿಂಗ್ ಅಂಗವಿಕಲರಿಗೆ ಅನುಕೂಲವಾಗಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಆ ಜಾಗ ಮುಖ್ಯ ಬಾಗಿಲಿನಿಂದ 30 ಮೀಟರ್ ಒಳಗಿರಬೇಕು, 3.6 ಮೀಟರ್ ಅಗಲ ಇರಬೇಕು. ಕಾರಿನ ಬಾಗಿಲು ಪೂರ್ತಿ ತೆರೆದು, ಪಕ್ಕದಲ್ಲಿ ಗಾಲಿಕುರ್ಚಿ ಬಿಡಿಸಿ, ಮಗುವನ್ನು ಎತ್ತಿ ಕೂರಿಸಲು ಅಷ್ಟು ಅಗಲ ಬೇಕೇ ಬೇಕು. ನಮ್ಮ ಪೇಟೆಗಳಲ್ಲಿ ನೆಲದ ಮೇಲೆ ಚಿತ್ರ ಬರೆದ ಕಡೆಯೂ ಸ್ಕೂಟರುಗಳು ನಿಂತಿರುತ್ತವೆ. ಹಾಗಾಗಿ ಆಸ್ಪತ್ರೆಗೆ ಹೋಗುವಾಗ ದೊಡ್ಡವರು ಇಬ್ಬರು ಇರಲಿ. ಒಬ್ಬರು ಪೋರ್ಟಿಕೋದಲ್ಲಿ ಮಗುವಿನೊಟ್ಟಿಗೆ ಇಳಿಯಬೇಕು, ಇನ್ನೊಬ್ಬರು ಕಾರು ಕೊಂಡುಹೋಗಿ ನಿಲ್ಲಿಸಬೇಕು. ಕಾರ್ಡಿನ ಜೆರಾಕ್ಸ್ ಲ್ಯಾಮಿನೇಟ್ ಮಾಡಿಸಿ, ನಿಮ್ಮ ಫೋನ್ ನಂಬರಿನೊಟ್ಟಿಗೆ ಮುಂದಿನ ಗಾಜಿನ ಹತ್ತಿರ ಇಡಿ. ಹೆಚ್ಚಿನ ಕಾವಲುಗಾರರು ನೋಡಿದ ಕೂಡಲೇ ದಾರಿ ಬಿಡಿಸಿಕೊಡುತ್ತಾರೆ.

ಇನ್ನು ಹೊರಗಿನವರಿಗೆ ಬೇಗ ಅರ್ಥವಾಗದ ವಿಷಯ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಅಂದಿನಿಂದ ಕೇರಳದವರು. ಆದರೆ ಕಾಯಿಲೆಯಾದರೆ ಇಂದಿಗೂ ಓಡುವುದು ಮಂಗಳೂರಿಗೆ, ಇಲ್ಲವೇ ಅದರ ಹತ್ತಿರದ ದೇರಳಕಟ್ಟೆಯ ಆಸ್ಪತ್ರೆಗಳಿಗೆ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್; ನಮ್ಮ ರಾಜಧಾನಿ ತಿರುವನಂತಪುರ 500ಕ್ಕೂ ಹೆಚ್ಚು. ನನ್ನ ತಂಗಿಯ ಮಗನಿಗೆ ಸೆರೆಬ್ರಲ್ ಪಾಲ್ಸಿ. ಅವನ ಸ್ಕ್ಯಾನ್, ಫಿಸಿಯೋಥೆರಪಿ, ಮಾತ್ರೆ ಎಲ್ಲ ಗಡಿಯ ತಲಪಾಡಿಯ ಆಚೆ, ಕರ್ನಾಟಕದಲ್ಲಿ. ಸರ್ಟಿಫಿಕೇಟ್, ಪೆನ್ಷನ್, ಶಾಲೆ ಎಲ್ಲ ಈಚೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಕರ್ನಾಟಕ ಗಡಿ ಮುಚ್ಚಿದಾಗ ರಸ್ತೆಗೆ ಮಣ್ಣು ಸುರಿದಿದ್ದರು. ಚಿಕಿತ್ಸೆ ಒಂದು ರಾಜ್ಯದಲ್ಲಿ, ಬದುಕು ಇನ್ನೊಂದರಲ್ಲಿ ಎಂದರೆ ಏನು ಎಂದು ರೋಗಿಗಳಿರುವ ಪ್ರತಿ ಮನೆಗೂ ಆಗ ಗೊತ್ತಾಯಿತು.

ಯುಡಿಐಡಿ ಕಾರ್ಡಿನ ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ ಹಾಕಬೇಕು. ನೀವೇ ಹಾಕಬಹುದು, ಆದರೆ ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಇಲ್ಲಿನ ಅಕ್ಷಯ ಕೇಂದ್ರಕ್ಕೆ ಹೋಗುವುದು ಒಳ್ಳೆಯದು. ನಿಮ್ಮಲ್ಲಿ ಯಾವ ಕಾಗದ ಕಡಿಮೆ ಎಂದು ಅಲ್ಲಿನವರು ನೋಡಿದ ಕೂಡಲೇ ಹೇಳುತ್ತಾರೆ. ಮಗುವಿನ ಪರವಾಗಿ ತಂದೆ ತಾಯಿ ಅರ್ಜಿ ಕೊಟ್ಟರೆ ಸಾಕು. ಮಗುವಿನ ಆಧಾರ್, ಫೋಟೋ, ವಿಳಾಸದ ದಾಖಲೆ, ಚಿಕಿತ್ಸೆಯ ಕಾಗದಗಳು ಬೇಕು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ಮಗುವನ್ನು ನೋಡುತ್ತಾರೆ. ಮಂಗಳೂರಿನ ಖಾಸಗಿ ಆಸ್ಪತ್ರೆಯ ಚೀಟಿ ಎಷ್ಟೇ ದಪ್ಪ ಇದ್ದರೂ ಅದು ಸರ್ಟಿಫಿಕೇಟ್ ಅಲ್ಲ, ಆದರೆ ಅಂಗವೈಕಲ್ಯ ಎಷ್ಟೆಂದು ಅಳೆಯುವ ಸರ್ಕಾರಿ ವೈದ್ಯರ ಮೆಡಿಕಲ್ ಬೋರ್ಡಿನ ಮುಂದೆ ಅದೇ ನಿಮ್ಮ ಪುರಾವೆ. ಒಂದು ಹಾಳೆಯನ್ನೂ ಬಿಸಾಡಬೇಡಿ, ಇಂಗ್ಲೆಂಡಿನ ಕಾಗದಗಳನ್ನೂ ತನ್ನಿ. ಅಂಗವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಎಂದು ಬಂದರೆ ಮುಖ್ಯ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಅಂಗವಿಕಲರ ಹಕ್ಕುಗಳ ನಿಯಮಗಳ 2024ರ ತಿದ್ದುಪಡಿಯ ಪ್ರಕಾರ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗಾದರೆ ಹಳದಿ, 80 ಮತ್ತು ಮೇಲಾದರೆ ನೀಲಿ ಕಾರ್ಡ್. ಮಕ್ಕಳಿಗೆ ಸಿಗುವುದು ಅನೇಕ ಸಲ ತಾತ್ಕಾಲಿಕ ಸರ್ಟಿಫಿಕೇಟ್. ಬೆಳೆದ ಹಾಗೆ ಮತ್ತೆ ತೋರಿಸಬೇಕಾಗುತ್ತದೆ. ಅವಧಿ ಮುಗಿಯುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಮಗು ಗಾಲಿಕುರ್ಚಿಯಲ್ಲಿದ್ದರೆ ಜನ ಹೇಗೆ ನೋಡುತ್ತಾರೆ ಎಂದೂ ಕೇಳಿದ್ದೀರಿ. ಈ ಭಾಗದಲ್ಲಿ ಮೆಡಿಕಲ್ ಬೋರ್ಡ್ ಎಂದರೆ ಏನೆಂದು ಗೊತ್ತಿಲ್ಲದ ಊರು ಕಡಿಮೆ. ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ನಿಮ್ಮ ಮನೆಗೆ ಹತ್ತಿರದ ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಕಡೆಯ ಅಂಗವಿಕಲ ಮಕ್ಕಳ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು, ಆಮೇಲೂ ಅಮ್ಮಂದಿರು ಧರಣಿ ಕೂತರು. ಇಲ್ಲಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಿವೆ, ಅಲ್ಲಿ ನಿಮ್ಮ ಮಗಳಂಥ ಮಕ್ಕಳು ಕಲಿಯುತ್ತಾರೆ. ಆಶಾ ಕಾರ್ಯಕರ್ತೆಗೂ ಅಂಗನವಾಡಿ ಟೀಚರಿಗೂ ಅರ್ಜಿಯ ದಾರಿ ಬಾಯಿಪಾಠ. ಬಂದ ವಾರವೇ ಅವರ ಪರಿಚಯ ಮಾಡಿಕೊಳ್ಳಿ.

ಮಲಯಾಳ ಓದಲು ಬರುವುದಿಲ್ಲ ಎಂದು ಹೆದರಬೇಡಿ. ಕೆಲವು ಫಾರಂಗಳು ಮಲಯಾಳದಲ್ಲೇ ಕೈಗೆ ಬರುತ್ತವೆ, ನಿಜ. ಆದರೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಇಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಈ ಹಕ್ಕನ್ನು ಬಳಸಬೇಕು ಎಂದು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಮಗುವಿನ ಸ್ಥಿತಿಯನ್ನು ವಿವರಿಸುವ ಕಾಗದವನ್ನು ತಾಯಿ ತನಗೆ ಬಾರದ ಭಾಷೆಯಲ್ಲಿ ಬೇರೆಯವರಿಂದ ಬರೆಸಿ ಸಹಿ ಹಾಕಬಾರದು.

ಯುಡಿಐಡಿ ಕಾರ್ಡಿನ ದೊಡ್ಡ ಉಪಕಾರ ಇದೇ: ಅದು ದೇಶವಿಡೀ ನಡೆಯುತ್ತದೆ. ಕಾಸರಗೋಡಿನಲ್ಲಿ ಮಾಡಿಸಿದ್ದನ್ನು ಮಂಗಳೂರಿನಲ್ಲಿ ತೋರಿಸಿದರೆ ಅದು ಕೇರಳದ್ದು ಎಂದು ತಳ್ಳಿಹಾಕುವ ಹಾಗಿಲ್ಲ. ಆದರೆ ಕರ್ನಾಟಕ ಸಾರಿಗೆಯ ಅಂಗವಿಕಲರ ಬಸ್ ಪಾಸ್ ಆ ರಾಜ್ಯದ ನಿವಾಸಿಗಳಿಗೆ ಮಾತ್ರ, ನಮಗೆ ಸಿಗುವುದಿಲ್ಲ. ರೈಲಿಗೆ ರಿಯಾಯಿತಿ ಉಂಟು, ಜೊತೆಗೆ ಹೋಗುವ ಒಬ್ಬರಿಗೂ ಸೇರಿ. ಅದಕ್ಕೆ ರೈಲ್ವೆಯ ಬೇರೆ ಕಾರ್ಡ್ ಮಾಡಿಸಬೇಕು. ಹೆದ್ದಾರಿಯ ಟೋಲ್ ವಿನಾಯಿತಿ ಅಂಗವಿಕಲರಿಗಾಗಿಯೇ ತಯಾರಿಸಿದ ವಾಹನಕ್ಕೆ ಮಾತ್ರ, ಮಗು ಕೂತ ಸಾಮಾನ್ಯ ಕಾರಿಗೆ ಅಲ್ಲ. ತಲಪಾಡಿಯಲ್ಲಿ ಅದಕ್ಕಾಗಿ ವಾದ ಮಾಡಿ ಥೆರಪಿಯ ಸಮಯ ಕಳೆದುಕೊಳ್ಳಬೇಡಿ.

ಹೊರಡುವ ಮೊದಲೇ ಒಂದು ಕೆಲಸ ಮಾಡಿ. ಮಗಳ ಹೆಸರು ಪಾಸ್‌ಪೋರ್ಟಿನಲ್ಲಿ, ಜನನ ಪತ್ರದಲ್ಲಿ, ಆಸ್ಪತ್ರೆಯ ಕಾಗದದಲ್ಲಿ ಒಂದೇ ಸ್ಪೆಲ್ಲಿಂಗಿನಲ್ಲಿ ಉಂಟಾ ನೋಡಿ. ಆಧಾರ್ ಮಾಡಿಸುವಾಗ ಅದನ್ನೇ ಬರೆಸಿ, ಮನೆ ಹೆಸರು ಸೇರಿಸುವುದಾದರೆ ಎಲ್ಲ ಕಡೆ ಒಂದೇ ಕ್ರಮದಲ್ಲಿ ಸೇರಿಸಿ. ಇಲ್ಲಿ ಅರ್ಜಿಗಳು ಹೆಚ್ಚು ವಾಪಸ್ ಬರುವುದು ಅದೇ ಕಾರಣಕ್ಕೆ.