ಮೀಟರು ಅಳೆದದ್ದು ಏನನ್ನು?

ಪತ್ರ: "ನಮ್ಮ ಸೊಸೆಗೆ ಈಗ ಮೂರು ತಿಂಗಳು. ಕರೆಂಟಿನ ಸಾಮಾನುಗಳ ಕಾಂತಕ್ಷೇತ್ರದಿಂದ ಗರ್ಭ ನಿಲ್ಲುವುದಿಲ್ಲ ಅಂತ ಅಮೆರಿಕದವರೇ ಅಳೆದು ಹೇಳಿದ್ದಾರಂತೆ. ಮಿಕ್ಸಿ ಮುಟ್ಟಬೇಡ ಅಂದಿದ್ದೇನೆ. ಹೊಲಿಗೆ ಮಷೀನಿನ ಮೋಟಾರನ್ನೂ ತೆಗೆಸಿದೆ. ನಿಮ್ಮ ಪತ್ರಿಕೆ ಇದನ್ನೆಲ್ಲ ಯಾಕೆ ಬರೆಯುವುದಿಲ್ಲ?" – ಓದುಗರೊಬ್ಬರು, ತುಮಕೂರು

ಉತ್ತರ: ಸೊಸೆಯ ಮೇಲಿನ ನಿಮ್ಮ ಕಾಳಜಿ ದೊಡ್ಡದು ಮೇಡಂ. ಆದರೆ ಮಿಕ್ಸಿ ಬೇಡ ಅಂದಮೇಲೆ ಚಟ್ನಿ ರುಬ್ಬುತ್ತಿರುವವರು ಯಾರು ಅಂತ ನೀವು ಬರೆದಿಲ್ಲ. ಒರಳ ಮುಂದೆ ಅವಳನ್ನೇ ಕೂರಿಸಿಲ್ಲ ತಾನೇ?

ನೀವು ಹೇಳುತ್ತಿರುವುದು ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯ ಡಿ-ಕುನ್ ಲೀ ಮತ್ತು ಸಂಗಡಿಗರ 2017ರ ಅಧ್ಯಯನ ಇರಬೇಕು. 913 ಗರ್ಭಿಣಿಯರು ಕಾಂತಕ್ಷೇತ್ರ ಅಳೆಯುವ ಮೀಟರನ್ನು 24 ಗಂಟೆ ಇಟ್ಟುಕೊಂಡು ಓಡಾಡಿದರು. ಎಂದಿನಂತೆ ಕಳೆದ ದಿನ ಅಳೆಸಿಕೊಂಡವರ ಪೈಕಿ, ಏರು ಮಟ್ಟ 2.5 ಮಿಲಿಗಾಸ್‌ಗಿಂತ (ಕಾಂತಕ್ಷೇತ್ರದ ಅಳತೆಯ ಮಾನ) ಕೆಳಗಿದ್ದ ಗುಂಪಿನಲ್ಲಿ ಗರ್ಭಪಾತ ಶೇ. 10.4. ಉಳಿದವರಲ್ಲಿ ಶೇ. 24.2. ಓದಿದರೆ ಎದೆ ಧಸಕ್ಕೆನ್ನುತ್ತದೆ, ಒಪ್ಪಿದೆ. ಲೀ ಅವರ ಶ್ರಮಕ್ಕೂ ಬೆಲೆ ಕೊಡಬೇಕು. 1979ರಲ್ಲಿ ಡೆನ್ವರಿನಲ್ಲಿ ಮಕ್ಕಳ ಕ್ಯಾನ್ಸರ್ ಬಗ್ಗೆ ನಡೆದ ಹೆಸರಾಂತ ಅಧ್ಯಯನದಲ್ಲಿ ಮನೆ ಹೊರಗಿನ ವೈರು ಎಂಥದು, ಎಷ್ಟು ದೂರದಲ್ಲಿದೆ ಅಂತ ನೋಡಿ ಕಾಂತಕ್ಷೇತ್ರದ ಅಂದಾಜು ಕಟ್ಟಿದ್ದರು. ಇವರು ಮೈಮೇಲೇ ಮೀಟರು ಕಟ್ಟಿದರು.

ಆ ಮೀಟರು ಅಳೆದದ್ದು ಏನನ್ನು ಅನ್ನುವುದೇ ನನ್ನ ತಕರಾರು.

ನಮ್ಮ ಕಚೇರಿಗೆ ಒಮ್ಮೆ ಪಾಲಿಟೆಕ್ನಿಕ್ ಮೇಷ್ಟ್ರೊಬ್ಬರು ಗಾಸ್‌ಮೀಟರ್ ತಂದಿದ್ದರು. ಕ್ಯಾಂಟೀನಿನ ಮಿಕ್ಸಿಗೆ ತಾಗಿಸಿದಾಗ ಅಂಕಿ ನೂರು ದಾಟಿತು. ಒಂದು ಮಾರು ಹಿಂದೆ ಸರಿದರು, ಒಂದೆರಡಕ್ಕೆ ಇಳಿಯಿತು. ಅಂದರೆ ಏರು ಮಟ್ಟ ಅನ್ನುವುದು ನೀವು ಯಾವುದರ ಹತ್ತಿರ ಹೋದಿರಿ ಅನ್ನುವುದರ ಲೆಕ್ಕ. ಹೋಗದೆ ಮಲಗಿದ್ದರೆ ಲೆಕ್ಕಕ್ಕೇ ಬರುವುದಿಲ್ಲ.

ಲೀ ಅವರ ಮೊದಲ ಅಧ್ಯಯನ ಬಂದದ್ದು 2002ರಲ್ಲಿ. ಅಲ್ಲಿ ದಿನದ ಸರಾಸರಿಗೂ ಗರ್ಭಪಾತಕ್ಕೂ ನಂಟು ಕಾಣಲಿಲ್ಲ. 16 ಮಿಲಿಗಾಸ್ ಮುಟ್ಟಿದ ಏರು ಮಟ್ಟಕ್ಕೆ ಮಾತ್ರ ಕಂಡಿತು. ಆಗಲೇ ಡೇವಿಡ್ ಸಾವಿಟ್ಜ್ ಎಂಬ ಸಂಶೋಧಕರು ಒಂದು ಮಾತು ಎತ್ತಿದರು. ನಮ್ಮ ಅಜ್ಜಿಯರೂ ತಲೆದೂಗುವಂಥ ಮಾತು. ಗರ್ಭ ಚೆನ್ನಾಗಿ ನಿಂತವಳಿಗೆ ಸಾಮಾನ್ಯವಾಗಿ ವಾಕರಿಕೆ ಜಾಸ್ತಿ. ಅವಳು ಮಲಗಿರುತ್ತಾಳೆ, ಅವಳ ಮೀಟರೂ ತೆಪ್ಪಗಿರುತ್ತದೆ. ಗರ್ಭ ಸೋಲುತ್ತಿರುವವಳಿಗೆ ವಾಕರಿಕೆ ಕಡಿಮೆ. ಅವಳು ಅಂಗಡಿ, ರೈಲು, ಅಡುಗೆಮನೆ ಅಂತ ಓಡಾಡುತ್ತಾಳೆ, ಮೀಟರು ಏರುತ್ತದೆ. ಹಾಗಾದರೆ ಯಾವುದು ಕಾರಣ, ಯಾವುದು ಪರಿಣಾಮ? ಜಾಸ್ತಿ ಓಡಾಡುವ ಗರ್ಭಿಣಿಯರಿಗೆ ಏರು ಮಟ್ಟ ಎದುರಾಗುವುದೂ ಜಾಸ್ತಿ ಅಂತ 2006ರಲ್ಲಿ ಸಾವಿಟ್ಜ್ ತಂಡ ಅಳೆದೂ ತೋರಿಸಿತು. ಲೀ ಇದನ್ನು ಒಪ್ಪಿಲ್ಲ, ಅದು ಅವರ ಹಕ್ಕು. ನನಗೆ ಸಾವಿಟ್ಜ್ ಮಾತೇ ಹಿಡಿಸುತ್ತದೆ. ಮೀಟರಿನ ಹಿಂದೆ ಒಬ್ಬ ಹೆಂಗಸು ಇದ್ದಾಳೆ ಅಂತ ನೆನಪಿಟ್ಟವರು ಅವರು.

ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ಕ್ರೋಮೋಸೋಮಿನ ದೋಷವೇ ಕಾರಣ. ಯಾರು ಏನು ತಿಂದರು, ಏನು ಮುಟ್ಟಿದರು ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಮಾತ್ರ ತನಿಖೆ ಅವಳಿಂದಲೇ ಶುರು. ಪಪ್ಪಾಯಿ ತಿಂದೆಯಾ, ಗ್ರಹಣ ನೋಡಿದೆಯಾ, ಸ್ಕೂಟರ್ ಹತ್ತಿದೆಯಾ. ಈಗ ಮಿಕ್ಸಿ ಹಾಕಿದೆಯಾ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಈ ಪಟ್ಟಿ ಹಿಡಿದು ನಿಮ್ಮ ಸೊಸೆಯನ್ನು ಯಾರೂ ಕೇಳಬಾರದು. ನೀವಂತೂ ಕೇಳಲೇಬಾರದು. ಆ ಮೋಟಾರನ್ನು ವಾಪಸ್ ಹಾಕಿಸಿ. ಭಯವಾದರೆ ಒಂದಿಷ್ಟು ದೂರ ಸರಿಸಿಡಿ, ಸಾಕು. ಅದಕ್ಕಿಂತ ಮುಖ್ಯ, ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡಿಸಿದಿರಾ? ಕಬ್ಬಿಣದ ಮಾತ್ರೆ ನುಂಗುತ್ತಿದ್ದಾಳಾ?

ಹೊಲಿಗೆ ಮಷೀನು ಅಂದಾಗ ಇನ್ನೊಂದು ನೆನಪಾಯಿತು. ಕಾರ್ಖಾನೆಯ ಹೊಲಿಗೆ ಮಷೀನಿನ ಮೋಟಾರಿಂದ ಕಾಂತಕ್ಷೇತ್ರ ಜಾಸ್ತಿ ಅಂತ ಹೊರದೇಶಗಳಲ್ಲಿ ಅಳೆದಿದ್ದಾರೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ದಿನವಿಡೀ ಅಂಥ ಮಷೀನಿನ ಮುಂದೆ ಕೂರುತ್ತಾರೆ. ಬಸುರಿಯರೂ ಕೂರುತ್ತಾರೆ. ಅವರ ಬಗ್ಗೆ ನಮಗೆ ಯಾರೂ ಪತ್ರ ಬರೆಯುವುದಿಲ್ಲ. ಮೀಟರು ಕಟ್ಟುವುದಾದರೆ ಅಲ್ಲಿ ಕಟ್ಟಲಿ. ಜೊತೆಗೆ ಅವಳು ಎಷ್ಟು ಹೊತ್ತು ಕೂತಳು, ಎಷ್ಟು ಸಲ ನೀರು ಕುಡಿದಳು, ಶೌಚಕ್ಕೆ ಎದ್ದರೆ ಸೂಪರ್‌ವೈಸರ್ ಏನಂದ, ಅದನ್ನೂ ಬರೆದುಕೊಳ್ಳಲಿ.

– ಸಂ.