ನಷ್ಟದ ಶಾಖಾ ಅಂಚೆ ಕಚೇರಿ ಮುಚ್ಚಬೇಕಾ?

ಉತ್ತರ ಕನ್ನಡದ ಜೋಯ್ಡಾ ಕಡೆಯ ಶಾಖಾ ಅಂಚೆ ಕಚೇರಿಗಳಲ್ಲಿ (ಹಳ್ಳಿಯ ಸಣ್ಣ ಅಂಚೆ ಕಚೇರಿಗಳಲ್ಲಿ) ಖರ್ಚಿನಷ್ಟೂ ಹುಟ್ಟುವಳಿ ಇಲ್ಲ, ಮುಚ್ಚಿದ್ರೆ ಏನಾಗುತ್ತೆ ಅಂತ ಕೇಳಿದ್ದೀರಿ. ಅವು ಲಾಭಕ್ಕೆ ಅಂತ ತೆರೆದವೇ ಅಲ್ಲ. ಇಲಾಖೆಯ ನಿಯಮ ನೋಡಿ: ಹೊಸ ಶಾಖೆಗೆ ಸಾಮಾನ್ಯ ಹಳ್ಳಿಯಲ್ಲಿ ಖರ್ಚಿನ ಮೂರನೇ ಒಂದು ಭಾಗ ಆದಾಯ ಬಂದರೆ ಸಾಕು. ಗುಡ್ಡಗಾಡು, ಬುಡಕಟ್ಟು ಪ್ರದೇಶಗಳಲ್ಲಿ ಶೇ. 15 ಇದ್ದರೂ ನಡೆಯುತ್ತದೆ.

ದರವೂ ಹಾಗೇ. 20 ಗ್ರಾಂ ಒಳಗಿನ ಸಾದಾ ಪತ್ರಕ್ಕೆ 5 ರೂಪಾಯಿ. ಕಾರವಾರ ಪೇಟೆಗೂ ಅಷ್ಟೇ, ಸಿದ್ದಾಪುರದ ತೋಟದ ಮನೆಗೂ ಅಷ್ಟೇ. ನಮ್ಮಲ್ಲಿ ಮನೆಯಿಂದ ಮನೆಗೆ ಗುಡ್ಡ ಹತ್ತಿ ಹಳ್ಳ ದಾಟಬೇಕು, ಮಳೆಗಾಲದಲ್ಲಂತೂ ಕೇಳೋದೇ ಬೇಡ. ಪೇಟೆಯ ಗಳಿಕೆ ಮತ್ತು ಸರ್ಕಾರದ ದುಡ್ಡು ಸೇರಿಯೇ ಇದು ನಡೆಯಬೇಕು.

ಉಳಿತಾಯ ಈಗಾಗಲೇ ಆಗಿದೆ ಅಲ್ವಾ? ಈ ಶಾಖೆಗಳನ್ನು ನಡೆಸುವ ಗ್ರಾಮೀಣ ಡಾಕ್ ಸೇವಕರ ಕೆಲಸ ದಿನಕ್ಕೆ 4-5 ಗಂಟೆಯದು, ಇಲಾಖೆಯ ಕಾಯಂ ನೌಕರರ ಸಂಬಳವೂ ಅವರಿಗಿಲ್ಲ. ಇನ್ನೂ ಕತ್ತರಿಸಿದರೆ ಬಟವಾಡೆಯೇ ನಿಲ್ಲುತ್ತದೆ.

ನನ್ನ ಕೇಳಿದರೆ, ಬರೀ ಪತ್ರಗಳ ಲೆಕ್ಕ ಹಾಕಬೇಡಿ. ಆರ್‌ಡಿ (ತಿಂಗಳ ಕಂತಿನ ಉಳಿತಾಯ), ಹೆಣ್ಣುಮಕ್ಕಳ ಸುಕನ್ಯಾ ಸಮೃದ್ಧಿ ಖಾತೆ, ಅಜ್ಜಿಯ ಪಿಂಚಣಿ ಎಲ್ಲ ಅಲ್ಲೇ. ಅದಕ್ಕೆಲ್ಲ ಬಸ್ಸು ಹಿಡಿದು ತಾಲೂಕು ಪೇಟೆಗೆ ಹೋಗುವ ಖರ್ಚು ಯಾರ ಲೆಕ್ಕಕ್ಕೆ?