ಹೆಡ್‌ಫೋನ್ ಹಾಕಿಕೊಂಡು ಕೇಳಿದ ಗಂಡ

ನನ್ನ ಹತ್ತಿರ ಆಪ್ತಸಮಾಲೋಚನೆಗೆ ನಿವೃತ್ತ ದಂಪತಿಗಳು ಬಂದಾಗ ಮೊದಲೆಲ್ಲ ನಾನೂ ಹೇಳುತ್ತಿದ್ದೆ, "ಇಬ್ಬರೂ ಸೇರಿ ಏನಾದರೂ ಮಾಡಿ" ಅಂತ. ಈಗ ಹೇಳುವುದಿಲ್ಲ. ಯಾಕೆ ಅನ್ನುವುದಕ್ಕೆ ರಾಯಚೂರಿನ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಯಜಮಾನರು ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನಲ್ಲಿದ್ದವರು. ಅವರ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರ್. 60 ತುಂಬಿ ಇಬ್ಬರೂ ನಿವೃತ್ತರಾದ ಮೇಲೆ ಸ್ಥಳೀಯರಿಗಾಗಿ ನಡೆಯುವ ಒಂದು ಸಮುದಾಯ ರೇಡಿಯೋಗೆ ಸಂಬಳವಿಲ್ಲದೆ ದುಡಿಯಲು ಹೋದರು. ಟೀಚರ್ ವಾರಕ್ಕೊಮ್ಮೆ ಅಡುಗೆ, ಬೀಸುವ ಪದ, ಮನೆಮಾತು ಅಂತ ಕಾರ್ಯಕ್ರಮ ಮಾಡುತ್ತಿದ್ದರು. ರೆಕಾರ್ಡಿಂಗ್, ಎಡಿಟಿಂಗ್ ಯಜಮಾನರದು. ಆರು ತಿಂಗಳಲ್ಲಿ ಮನೆಯೊಳಗೆ ಮಾತೇ ನಿಂತಿತ್ತು.

ಮೊದಲ ಭೇಟಿಯಲ್ಲಿ ಯಜಮಾನರೊಬ್ಬರೇ ಮಾತಾಡಿದರು. ಎರಡನೇ ಸಲವೂ ಅವರೇ ಶುರು ಮಾಡಿದರು. "ಆಕಿ ಭಾಷೆ ಸರಿ ಇಲ್ರಿ. ರೇಡಿಯೋದಾಗ ಉಳ್ಳಾಗಡ್ಡಿ, ಕುಂದರ್ರಿ ಅಂದ್ರ ಹ್ಯಾಂಗ? ಈರುಳ್ಳಿ ಅನ್ನಬೇಕು. ಅದಕ್ಕ ನಾ ಕತ್ತರಿಸ್ತೀನಿ."

"ಹಾಗೆ ಕತ್ತರಿಸಿದ್ದು ಕೇಳಿದಾಗ ಏನನ್ನಿಸಿತು ಟೀಚರ್?" ಅಂದೆ.

ಅವರು ಗಂಡನ ಕಡೆ ತಿರುಗಲಿಲ್ಲ. "ಮೂವತ್ತೈದು ವರ್ಷ ಮನ್ಯಾಗ ನಾ ಆಡಿದ ಮಾತು ಇವ್ರು ಕೇಳಿಸ್ಕೊಳ್ಳಲಿಲ್ರಿ. ಈಗ ಹೆಡ್‌ಫೋನ್ ಹಾಕ್ಕೊಂಡು ಕೇಳ್ತಾರ. ಕತ್ತರಿಸ್ಲಿಕ್ಕೆ."

ಯಜಮಾನರು ಕನ್ನಡಕ ತೆಗೆದು ಒರೆಸಿದರು. ನಾನು ಸುಮ್ನೆ ಕೂತೆ. ಬಹಳ ಹೊತ್ತಾದ ಮೇಲೆ ಹೇಳಿದರು, "ಆಫೀಸಿನ್ಯಾಗ ನನ್ನ ಸಹಿ ಇಲ್ದ ಒಂದು ಕಾಗದ ಮುಂದ ಹೋಗ್ತಿದ್ದಿಲ್ರಿ. ಈಗ ನನ್ನ ಕೇಳಾವ್ರು ಯಾರದಾರ?"

ಅವರು ಕೆಟ್ಟವರಲ್ಲ. ಕಳೆದುಹೋದ ಆ ಸಹಿಯನ್ನು ಹೆಂಡತಿಯ ಮಾತಿನ ಮೇಲೆ ಹಾಕುತ್ತಿದ್ದರು, ಅಷ್ಟೆ. ಆದರೆ ನೋವಾಗುತ್ತಿದ್ದದ್ದು ಆಕೆಗೆ.

ಭಾಷೆಯ ವಿಷಯ ಹಾಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ಸರ್ಕಾರದ ಸಮುದಾಯ ರೇಡಿಯೋ ನೀತಿಯೇ ಕಾರ್ಯಕ್ರಮ ಆ ಊರಿನ ಭಾಷೆಯಲ್ಲಿ, ಆಡುಮಾತಿನಲ್ಲಿ ಇರಲಿ ಅನ್ನುತ್ತದೆ. ಕನಿಷ್ಠ ಅರ್ಧದಷ್ಟು ಅಲ್ಲೇ ತಯಾರಾಗಬೇಕು. ಹೀಗೆಂದಾಗ ಯಜಮಾನರು, "ಗೊತ್ತದರಿ. ಟ್ರಾನ್ಸ್‌ಮಿಟರ್ ಬರೇ 100 ವ್ಯಾಟ್. ಹಳೇ ಕಾಲದ ಒಂದು ಬಲ್ಬಿನಷ್ಟು" ಅಂದರು. "ಆ ಬಲ್ಬಿನ ಬೆಳಕು ಬೀಳೋ ಹತ್ತು ಹದಿನೈದು ಕಿಲೋಮೀಟರಿನಾಗ ಜನ ಏನಂತಾರ್ರಿ, ಈರುಳ್ಳಿನಾ, ಉಳ್ಳಾಗಡ್ಡಿನಾ?" ಅಂತ ಕೇಳಿದೆ. ಮೊದಲ ಸಲ ನಕ್ಕರು.

ರೇಡಿಯೋ ಬಿಡಬೇಡಿ ಅಂದೆ. ಆದರೆ ಇಬ್ಬರೂ ಒಂದೇ ದಿನ ಹೋಗಬೇಡಿ. ಟೀಚರ್ ಧ್ವನಿಯನ್ನು ಬೇರೆ ಯಾರಾದರೂ ಎಡಿಟ್ ಮಾಡಲಿ. ಕರೆಂಟ್ ಬಿಲ್ ಓದುವುದು ಹೇಗೆ, ಮೀಟರ್ ಜಾಸ್ತಿ ಓಡಿದರೆ ಏನು ನೋಡಬೇಕು ಅಂತ ಯಜಮಾನರು ತಮ್ಮದೇ ಕಾರ್ಯಕ್ರಮ ಮಾಡಲಿ. ಹೆಂಡತಿಯ ಕಾರ್ಯಕ್ರಮ ಬರುವಾಗ ಮನೆಯಲ್ಲಿ ರೇಡಿಯೋ ಹಚ್ಚಿ ಕೇಳಲಿ, ಕೈಯಲ್ಲಿ ಪೆನ್ನು ಇಲ್ಲದೆ.

"ಈ ವಯಸ್ಸಿನಾಗ ಜೋಡಿ ಬ್ಯಾರೆ ಮಾಡಿದ್ರಲ್ಲ ಮೇಡಂ" ಅಂತ ಅವರ ಸಂಬಂಧಿಕರೊಬ್ಬರು ಬೇಸರ ಮಾಡಿಕೊಂಡರು. ನಾನು ಒಪ್ಪುವುದಿಲ್ಲ. ನೌಕರಿಯಲ್ಲಿದ್ದಾಗ ಇಬ್ಬರಿಗೂ ಅವರವರ ಕುರ್ಚಿ ಇತ್ತು, ಅವರವರ ಜನ ಇದ್ದರು. ಸಂಜೆ ಮನೆಗೆ ಬಂದು ಹೇಳಿಕೊಳ್ಳಲು ಏನೋ ಒಂದು ಇರುತ್ತಿತ್ತು. ನಿವೃತ್ತಿ ಆದ ಕೂಡಲೇ ಇಬ್ಬರನ್ನೂ ಒಂದೇ ಮೈಕಿನ ಮುಂದೆ ಕೂರಿಸಿದರೆ ಜಗಳ ಬಾರದೆ ಇರುತ್ತದಾ?

ಎರಡು ತಿಂಗಳ ಮೇಲೆ ಬಂದರು. ಬಿಲ್ಲಿನ ಕಾರ್ಯಕ್ರಮ ಶುರುವಾಗಿತ್ತು. "ಎಡಿಟಿಂಗ್ ಯಾರು ಮಾಡ್ತಾರೆ?" ಅಂದೆ.

"ಹುಡುಗ್ರು ಮಾಡ್ತಾರ್ರಿ" ಅಂದರು. ಹೆಂಡತಿಯ ಕಡೆ ನೋಡಿ ಮೆಲ್ಲಗೆ ಸೇರಿಸಿದರು, "ಭಾಳ ಕತ್ತರಿಸ್ತಾರ."